ಬಂದೋಬಸ್ತ್ ಮೀಟಿಂಗಿಗೆ ಶಾಮಿಯಾನದವನನ್ನೂ ಕರೆಯಿರಿ

ಗೆ,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಜಾತ್ರೆ, ಉತ್ಸವ, ಮೆರವಣಿಗೆಗಳ ಬಂದೋಬಸ್ತ್ ಯೋಜನೆ ಮಾಡುವ ಎಲ್ಲ ಪೊಲೀಸ್ ಅಧಿಕಾರಿಗಳಿಗೆ

ವಿಷಯ: ಜನ ಒಳಗೆ ಬರುವ ದಾರಿಗಿಂತ ಮೊದಲು ಹೊರಗೆ ಹೋಗುವ ದಾರಿ ಗೊತ್ತುಮಾಡುವ ಬಗ್ಗೆ

ಮಾನ್ಯರೇ,

ನಾನು ಹಾಸನದಲ್ಲಿ ಶಾಮಿಯಾನದ ಅಂಗಡಿ ಇಟ್ಟುಕೊಂಡವನು. ನಮ್ಮಪ್ಪನ ಕಾಲದಿಂದಲೂ ಇದೇ ಕಸುಬು. ಮದುವೆ, ತಿಥಿ, ಗೃಹಪ್ರವೇಶಕ್ಕೆ ಚಪ್ಪರ ಹಾಕುವುದು ಹೊಟ್ಟೆಪಾಡು. ಅದರ ಜೊತೆಗೆ ಜಾತ್ರೆ, ಸಮಾವೇಶ, ಗಣಪತಿ ಮೆರವಣಿಗೆ ಇದ್ದರೆ ಸರ್ವೆ ಮರದ ಗಳ ಕಟ್ಟಿ ಜನಕ್ಕೆ ಅಡ್ಡ ಹಾಕುವ ಕೆಲಸವೂ ನಮಗೇ ಬರುತ್ತದೆ. ನಿಮ್ಮ ಬಂದೋಬಸ್ತ್ ಇರುವುದು ಕಾಗದದ ಮೇಲೆ. ಅದು ನೆಲಕ್ಕೆ ಇಳಿಯುವುದು ನಮ್ಮ ಗಳ, ನಮ್ಮ ಹಗ್ಗದಿಂದ. ಆ ಸಲುಗೆಯಲ್ಲಿ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ.

ಗಣಪತಿ ಹಬ್ಬ ಹತ್ತಿರ ಬಂತು. ಅಲ್ಲಿಂದ ಶುರುವಾದರೆ ನಮಗೆ ಪುರುಸೊತ್ತು ಇರುವುದಿಲ್ಲ. ವಿಸರ್ಜನೆ ಮೆರವಣಿಗೆಗಳು, ದಸರಾ, ಆಮೇಲೆ ಹಾಸನಾಂಬೆಯ ಬಾಗಿಲು ತೆಗೆಯುವುದು, ಅದೇ ದೀಪಾವಳಿಯಲ್ಲಿ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟ, ಡಿಸೆಂಬರ್‌ನಲ್ಲಿ ಬಾಬಾಬುಡನ್‌ಗಿರಿ ಬೆಟ್ಟದಲ್ಲಿ ದತ್ತ ಜಯಂತಿ. ನಿಮಗೂ ಪುರುಸೊತ್ತು ಇರುವುದಿಲ್ಲ ಅಂತ ಗೊತ್ತು. ಅದಕ್ಕೇ ಈಗಲೇ ಹೇಳಿಬಿಡೋಣ ಅನ್ನಿಸಿತು.

ನಮ್ಮ ಕಡೆ ಬಂದೋಬಸ್ತ್ ಅಂದರೆ ಗಲಾಟೆ ಆಗದ ಹಾಗೆ ನೋಡಿಕೊಳ್ಳುವುದು ಅಂತ ಆಗಿಬಿಟ್ಟಿದೆ. ಎಷ್ಟು ಇನ್ಸ್‌ಪೆಕ್ಟರ್, ಎಷ್ಟು ಪೇದೆಗಳು, ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ತುಕಡಿ ಎಷ್ಟು, ರಾಜ್ಯ ಮೀಸಲು ಪೊಲೀಸ್ (ಕೆಎಸ್‌ಆರ್‌ಪಿ) ಎಷ್ಟು, ಗೃಹರಕ್ಷಕ ದಳದವರು ಎಷ್ಟು ಎಂಬ ಲೆಕ್ಕ ಹಬ್ಬಕ್ಕೆ ಮೊದಲೇ ಪೇಪರಿನಲ್ಲಿ ಬರುತ್ತದೆ. ದಾರಿ ಎಷ್ಟು ಅಡಿ ಅಗಲ ಇದೆ? ಅದರಲ್ಲಿ ಗಂಟೆಗೆ ಎಷ್ಟು ಜನ ದಾಟಬಹುದು? ಮುಂದೆ ಸಾಲು ನಿಂತುಹೋದರೆ ನಡುವೆ ಸಿಕ್ಕಿಕೊಂಡವರು ಎಲ್ಲಿಂದ ಹೊರಗೆ ಬರಬೇಕು? ಈ ಲೆಕ್ಕವನ್ನು ನಾನು ಪೇಪರಿನಲ್ಲೂ ನೋಡಿಲ್ಲ, ಗಳ ಕಟ್ಟುವಾಗ ಯಾರ ಬಾಯಲ್ಲೂ ಕೇಳಿಲ್ಲ. ಗಲಾಟೆಯಲ್ಲಿ ತಲೆ ಒಡೆದುಕೊಂಡವರನ್ನು ನಾನು ನೋಡಿದ್ದೇನೆ. ಆದರೆ ಗಲಾಟೆಯೇ ಇಲ್ಲದ ಕಡೆ, ಎಲ್ಲರೂ ಕೈ ಮುಗಿದುಕೊಂಡು ನಿಂತ ಕಡೆ ಜನ ಉಸಿರು ಕಟ್ಟಿ ಒದ್ದಾಡಿದ್ದನ್ನೂ ನೋಡಿದ್ದೇನೆ. ಎರಡನೆಯದಕ್ಕೆ ಹೆಚ್ಚು ಹೆದರಬೇಕು.

ಒಂದು ತೇರಿನ ದಿನದ ಕತೆ ಹೇಳುತ್ತೇನೆ. ಊರಿನ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಕೆಲವು ವರ್ಷದ ಹಿಂದಿನ ಮಾತು. ತೇರು ಬೀದಿಯ ಎರಡೂ ಕಡೆ ಗಳ ಕಟ್ಟಿ ಮುಗಿಸಿದ್ದೆವು. ದೇವಸ್ಥಾನದ ಬಲಕ್ಕೆ ಒಂದು ಓಣಿ, ಎತ್ತಿನ ಗಾಡಿ ಹೋಗುವಷ್ಟು ಅಗಲ. ಊರಿನವರು ಕೆರೆ ಕಡೆ ಹೋಗುವುದು ಅದರಲ್ಲೇ. ಮಧ್ಯಾಹ್ನ ಒಬ್ಬ ಸಾಹೇಬರು ಬಂದು, ‘ಇದಕ್ಕೂ ಅಡ್ಡ ಕಟ್ಟಿಬಿಡು, ಒಳಗೆ ದೊಡ್ಡವರ ಕಾರು ನಿಲ್ಲಿಸಬೇಕು’ ಅಂದರು. ‘ಸಾರ್, ಈ ಕಡೆಯಿಂದ ಹೊರಗೆ ಹೋಗೋಕೆ ಇದೊಂದೇ ದಾರಿ’ ಅಂದೆ. ‘ಹೇಳಿದಷ್ಟು ಮಾಡಯ್ಯ’ ಅಂದರು. ಕಟ್ಟಿದೆವು.

ತೇರು ಎಳೆಯುವ ಹೊತ್ತಿಗೆ ಹಣ್ಣು ಜವನ ಎಸೆಯಲು ಜನ ಮುಂದೆ ನುಗ್ಗಿದರು. ಓಣಿಯ ಬಾಯಿಗೆ ಸರಿಯಾಗಿ ತೇರು ನಿಂತಿತು. ಹಿಂದಿನವರಿಗೆ ಅದು ಗೊತ್ತಿಲ್ಲ, ಗೊತ್ತಾಗುವುದಾದರೂ ಹೇಗೆ? ತಳ್ಳುತ್ತಲೇ ಇದ್ದರು. ಗಳಕ್ಕೆ ಒತ್ತಿಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದರು. ಬಾಯಿ ತೆರೆದಿತ್ತು, ಸ್ವರ ಬರುತ್ತಿರಲಿಲ್ಲ. ಕಂಕುಳಲ್ಲಿದ್ದ ಮಗುವನ್ನು ತಲೆಯ ಮೇಲೆತ್ತಿ ನಮ್ಮ ಕಡೆ ಚಾಚಿದರು. ನಮ್ಮ ಹುಡುಗನೊಬ್ಬ ಮಗುವನ್ನು ಇಸಿದುಕೊಂಡ. ಇನ್ನೊಬ್ಬ ಮಚ್ಚು ತೆಗೆದು ಹುರಿ ಕಡಿಯತೊಡಗಿದ. ತೆಂಗಿನ ಹುರಿ ನೀರಲ್ಲಿ ನೆನೆಸಿ ಕಟ್ಟುವುದು ನಮ್ಮ ಪದ್ಧತಿ. ಒಣಗಿದ ಮೇಲೆ ಅದು ಎಷ್ಟು ಬಿಗಿಯುತ್ತದೆ ಅಂದರೆ ಕೈಯಲ್ಲಿ ಬಿಚ್ಚಲು ಆಗುವುದಿಲ್ಲ. ಅವನು ಎರಡು ಗಂಟು ಕಡಿಯುವಷ್ಟರಲ್ಲಿ ಗಳ ತಾನೇ ಲಟಕ್ಕನೆ ಮುರಿಯಿತು. ಜನ ಓಣಿಯೊಳಗೆ ಒಬ್ಬರ ಮೇಲೊಬ್ಬರು ಬಿದ್ದರು. ಎದ್ದು ಓಡೋಣ ಅಂದರೆ ಎದುರಿಗೆ ಕಾರು.

ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಕೈಕಾಲು ತರಚಿದವರು, ತಾಳಿ ಸರ ಕಳೆದುಕೊಂಡವರು, ತಲೆ ಸುತ್ತಿ ಕೂತವರು ಬೇಕಾದಷ್ಟು ಜನ. ಮಾರನೇ ದಿನ ಪೇಪರಿನಲ್ಲಿ ಸಂಭ್ರಮದ ರಥೋತ್ಸವ ಅಂತ ಬಂತು. ಮುರಿದ ಗಳದ ದುಡ್ಡು ಕೇಳಿದ್ದಕ್ಕೆ ಬೈಸಿಕೊಂಡೆ, ಅದು ಬೇರೆ ವಿಷಯ.

ನನ್ನ ದೂರು ಆ ಸಾಹೇಬರ ಮೇಲೆ ಅಲ್ಲ. ಅವರು ಬೇರೆ ತಾಲ್ಲೂಕಿನಿಂದ ಆ ದಿನ ಬೆಳಿಗ್ಗೆ ತಾನೇ ಬಂದಿದ್ದರು. ಓಣಿ ಎಲ್ಲಿಗೆ ಹೋಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಕಾರಿಗೆ ಜಾಗ ಮಾಡಬೇಕು ಅಂತ ಮಾತ್ರ ಹೇಳಿದ್ದರು. ನನ್ನ ದೂರು ಹಾಗೆ ಕೆಲಸ ಹಂಚುವ ಪದ್ಧತಿಯ ಮೇಲೆ.

ಆ ಸಂಜೆ ಆದಮೇಲೆ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದಿದ್ದರಲ್ಲಿ ನಮ್ಮ ಕಸುಬಿಗೆ ಸಂಬಂಧಪಟ್ಟದ್ದನ್ನು ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದಲ್ಲಿ ನಾಲ್ಕು ಜನ ನಿಂತರೆ ಇಕ್ಕಟ್ಟು, ಆದರೂ ಕೈ ಆಡಿಸಬಹುದು. ಐದು ದಾಟಿದರೆ ಅಪಾಯ ಶುರು. ಆರೇಳು ಆಯಿತು ಅಂದರೆ ನೀವು ನಡೆಯುವುದಿಲ್ಲ, ಜನವೇ ನಿಮ್ಮನ್ನು ಹೊತ್ತುಕೊಂಡು ಹೋಗುತ್ತದೆ. ಅಂಥ ಒತ್ತಡಕ್ಕೆ ಉಕ್ಕಿನ ಕಂಬಿ ಬಾಗಿಹೋದ ಉದಾಹರಣೆ ಇದೆ, ಇನ್ನು ನಮ್ಮ ಸರ್ವೆ ಗಳ ಯಾವ ಲೆಕ್ಕ? ಜನ ಸಾಯುವುದು ಹೆಚ್ಚಾಗಿ ಬಿದ್ದು ತುಳಿತಕ್ಕೆ ಸಿಕ್ಕಿ ಅಲ್ಲ. ನಿಂತಲ್ಲೇ, ಎದೆ ಹಿಗ್ಗಲು ಜಾಗ ಇಲ್ಲದೆ, ಉಸಿರು ಕಟ್ಟಿ. ಆ ಹೆಣ್ಣುಮಗಳಿಗೆ ಸ್ವರ ಯಾಕೆ ಬರಲಿಲ್ಲ ಅಂತ ಆಗ ನನಗೆ ಅರ್ಥವಾಯಿತು.

1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಅನ್ನುವ ಫುಟ್‌ಬಾಲ್ ಮೈದಾನದಲ್ಲಿ ಇದೇ ಆಯಿತು. ಗಲಾಟೆ ಮಾಡುತ್ತಾರೆ ಅಂತ ಪ್ರೇಕ್ಷಕರನ್ನು ಕಬ್ಬಿಣದ ಬೇಲಿಯೊಳಗೆ ನಿಲ್ಲಿಸುತ್ತಿದ್ದರು. ಹೊರಗೆ ನೂಕುನುಗ್ಗಲಾಯಿತು. ಅದನ್ನು ಕಡಿಮೆ ಮಾಡಲು ಪೊಲೀಸರು ಒಂದು ದೊಡ್ಡ ಗೇಟು ತೆಗೆಸಿದರು. ಒಳಗೆ ಬಂದವರೆಲ್ಲ ಮೊದಲೇ ತುಂಬಿದ್ದ ಬೇಲಿಯೊಳಕ್ಕೇ ಹೋದರು. ಕೊನೆಗೆ ಸತ್ತವರು 97 ಮಂದಿ. ಗಲಾಟೆಗೆ ಅಂತ ಕಟ್ಟಿದ ಬೇಲಿಯೇ ಅವರನ್ನು ಹಿಡಿದಿಟ್ಟಿತು. ಆಮೇಲೆ ಅಲ್ಲಿನವರು ಮೈದಾನದ ಮುಂದಿನ ಬೇಲಿಗಳನ್ನೇ ಕಿತ್ತುಹಾಕಿದರು. ನಮ್ಮಲ್ಲಿ ಇನ್ನೂ ಹೆಚ್ಚು ಬೇಲಿ ಹಾಕಿದಷ್ಟೂ ಹೆಚ್ಚು ಬಂದೋಬಸ್ತ್ ಅನ್ನುವ ನಂಬಿಕೆ ಇದೆ. ನನಗೆ ಅದರಿಂದ ವ್ಯಾಪಾರ, ಆದರೂ ಹೇಳುತ್ತಿದ್ದೇನೆ.

ಈಗ ನಮ್ಮ ಹಾಸನಾಂಬೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಗಿಲು ತೆಗೆದರೆ ಬಲಿಪಾಡ್ಯಮಿ ಆದಮೇಲೆ ಮುಚ್ಚುತ್ತಾರೆ. ವರ್ಷದಲ್ಲಿ ಅಷ್ಟೇ ದಿನ ದರ್ಶನ. 2025ರಲ್ಲಿ ಅಕ್ಟೋಬರ್ 9ರಂದು ತೆಗೆದು 23ರಂದು ಮುಚ್ಚಿದರು. ದರ್ಶನ ಮಾಡಿದವರ ಲೆಕ್ಕ 20 ಲಕ್ಷ ದಾಟಿತು. ದೇವಸ್ಥಾನ ಇರುವುದು ಹಳೇ ಊರಿನ ನಡುವೆ, ಸುತ್ತ ಸಣ್ಣ ಬೀದಿಗಳು. ಇಷ್ಟು ಜನ ಬಂದು ಹೋಗುವಂತೆ ಮಾಡುವುದು ಸುಲಭದ ಮಾತಲ್ಲ, ಅದನ್ನು ಮಾಡಿದವರಿಗೆ ನಮಸ್ಕಾರ. ಆ ವರ್ಷ ವಿಐಪಿ ಪಾಸಿಗೆ ಕಡಿವಾಣ ಹಾಕಿದ್ದು ತುಂಬಾ ಒಳ್ಳೆಯದಾಯಿತು.

ಆದರೆ 2023ರ ನವೆಂಬರ್ ಮರೆಯಬಾರದು. ಸಾಲಿನಲ್ಲಿ ನಿಂತವರಿಗೆ ಕರೆಂಟ್ ಹೊಡೆಯಿತು, ಅದನ್ನು ಕಂಡು ಜನ ದಿಕ್ಕಾಪಾಲಾಗಿ ಓಡಿದರು, ಹಲವರು ಆಸ್ಪತ್ರೆ ಸೇರಿದರು. 2025ರ ಜುಲೈನಲ್ಲಿ ಹರಿದ್ವಾರದ ಮನಸಾದೇವಿ ದೇವಸ್ಥಾನದ ಮೆಟ್ಟಿಲಲ್ಲಿ ಕರೆಂಟ್ ಹೊಡೆಯುತ್ತಿದೆ ಎಂಬ ಬರೀ ಗಾಳಿಮಾತಿಗೆ ಜನ ನುಗ್ಗಿ ಸಾವುಗಳಾದವು. ಕಬ್ಬಿಣದ ಬ್ಯಾರಿಕೇಡ್, ಮೇಲೆ ಸೀರಿಯಲ್ ಸೆಟ್, ಪಕ್ಕದಲ್ಲಿ ಜನರೇಟರ್ ವೈರು, ಕೆಳಗೆ ಮಳೆ ನೀರು. ಇವು ನಾಲ್ಕೂ ಒಂದೇ ಕಡೆ ಸೇರುವುದು ನಮ್ಮಲ್ಲಿ ಮಾಮೂಲು. ಲೈಟಿನವನು ಬೇರೆ, ಬ್ಯಾರಿಕೇಡಿನವನು ಬೇರೆ, ಮೈಕಿನವನು ಬೇರೆ. ನಾವು ಮೂವರೂ ಒಬ್ಬರನ್ನೊಬ್ಬರು ನೋಡುವುದು ಹಿಂದಿನ ರಾತ್ರಿ. ಅವನ ವೈರು ನನ್ನ ಕಂಬಿಗೆ ಸುತ್ತಿಕೊಂಡಿದ್ದು ನನಗೆ ಕಾಣುವುದು ಬೆಳಿಗ್ಗೆ ಟೀ ಕುಡಿಯುವಾಗ. ಇದನ್ನು ಸರಿ ಮಾಡಲು ದೊಡ್ಡ ದುಡ್ಡು ಬೇಕಾಗಿಲ್ಲ. ಕಬ್ಬಿಣದ ಮೇಲೆ ವೈರು ಹೋಗಬಾರದು ಅಂತ ಮೊದಲೇ ಒಬ್ಬರು ಹೇಳಿ, ಕರೆಂಟ್ ಕಂಪನಿ ಚೆಸ್ಕಾಂ ಕಡೆಯವರು ಬಂದು ನೋಡಿ, ಸಹಿ ಹಾಕಿದ ಮೇಲೆ ಜನ ಬಿಟ್ಟರೆ ಸಾಕು. ಚಿಕ್ಕಮಗಳೂರಿನಲ್ಲಿ ಆ ಕೆಲಸ ಮೆಸ್ಕಾಂನವರದು.

ಇನ್ನೊಂದು ಲೆಕ್ಕ. ಗರ್ಭಗುಡಿ ಮುಂದೆ ಒಬ್ಬರಿಗೆ ಎರಡು ಸೆಕೆಂಡ್ ಅಂತ ಇಟ್ಟುಕೊಂಡರೆ ಒಂದು ಸಾಲಿನಲ್ಲಿ ಗಂಟೆಗೆ 1,800 ಜನ. ಆ ಸಾಲಿಗೆ ಹೊರಗೆ 20,000 ಜನ ಕಾಯುತ್ತಿದ್ದರೆ ಕೊನೆಯವರಿಗೆ 11 ಗಂಟೆ ಬೇಕು. ಹೊರಗೆ ಎಷ್ಟು ಪೊಲೀಸರು ನಿಂತರೂ ಇದು ಬದಲಾಗುವುದಿಲ್ಲ. ಹಾಗಿದ್ದ ಮೇಲೆ ಈ 11 ಗಂಟೆಯ ಸುದ್ದಿ ಬಸ್ ಇಳಿಯುವವರಿಗೆ ಬಸ್ ಸ್ಟ್ಯಾಂಡಿನಲ್ಲೇ ಗೊತ್ತಾಗಬೇಕಲ್ವಾ? 2024ರಲ್ಲಿ ಜನ ಮಿತಿಮೀರಿದಾಗ ವಿಶೇಷ ಬಸ್ಸುಗಳನ್ನು ರದ್ದು ಮಾಡಿದರು. ಕೆಲವರು ಬೈದುಕೊಂಡರು, ನನಗೆ ಅದು ಸರಿ ಅನ್ನಿಸಿತು. ಜನವನ್ನು ಗುಡಿ ಬಾಗಿಲಲ್ಲಿ ತಡೆಯಲು ಆಗುವುದಿಲ್ಲ, ಬೈಪಾಸಿನಲ್ಲಿ ತಡೆಯಬಹುದು. ಆದರೆ ಯಾವ ಹಂತಕ್ಕೆ ಬಂದರೆ ಬಸ್ ನಿಲ್ಲಿಸಬೇಕು, ನಿಲ್ಲಿಸಿ ಅಂತ ಹೇಳುವವರು ಯಾರು ಎಂಬುದು ಮೊದಲೇ ಬರೆದಿಟ್ಟಿರಬೇಕು. ಪರಿಸ್ಥಿತಿ ಕೈ ಮೀರಿದ ಮೇಲೆ ಫೋನ್ ಮೇಲೆ ಫೋನ್ ಮಾಡಿ ತೀರ್ಮಾನ ಮಾಡುವ ವಿಷಯ ಅದಲ್ಲ.

ವಿಐಪಿಗಳ ಬಗ್ಗೆ ಒಂದು ಮಾತು. ಯಾವ ಗುಡಿಯೇ ಇರಲಿ, ದೊಡ್ಡವರು ಬಂದಾಗ ಧರ್ಮದರ್ಶನದ ಸಾಲನ್ನು ಹತ್ತು ನಿಮಿಷ ನಿಲ್ಲಿಸುತ್ತಾರೆ. ಹತ್ತೇ ನಿಮಿಷ ತಾನೇ ಅನ್ನಬಹುದು. ಕೊಳಾಯಿ ಬಾಯಿಗೆ ಬೆರಳು ಒತ್ತಿ ಹಿಡಿದ ಹಾಗೆ ಅದು. ಮುಂದೆ ನಿಂತಿತು, ಹಿಂದಿನಿಂದ ಬರುವುದು ನಿಲ್ಲಲಿಲ್ಲ. ನಡುವೆ ಇರುವವರ ಮೈ ಮೇಲೆ ಬೀಳುತ್ತದೆ. ಅದಕ್ಕೇ ಮುಂದೆ ನಿಲ್ಲಿಸುವ ಮೊದಲು ಹಿಂದೆ ನಿಲ್ಲಿಸಬೇಕು. ಬಾಲದಲ್ಲಿ ನಿಂತ ಪೇದೆಗೂ ಬಾಗಿಲಲ್ಲಿ ನಿಂತ ಪೇದೆಗೂ ವಾಕಿಟಾಕಿಯಲ್ಲಿ ನೇರ ಮಾತು ಇರಬೇಕು. ಈಗ ಬಾಲದಲ್ಲಿ ನಿಂತವರಿಗೆ ಮುಂದೆ ಏನಾಗುತ್ತಿದೆ ಅಂತ ಸಾಲಿನಲ್ಲಿ ಇರುವವರೇ ಹೇಳಬೇಕು, ಹಾಗಿದೆ.

2025ರ ಜೂನ್ 4ರಂದು, ಆರ್‌ಸಿಬಿ ಐಪಿಎಲ್ ಗೆದ್ದ ಮಾರನೇ ದಿನ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನ ಸತ್ತರು. ಅದರಲ್ಲಿ ನಮ್ಮ ಜಿಲ್ಲೆಯ ಹುಡುಗನೂ ಇದ್ದ. ಸುಮಾರು 35,000 ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬಂದಿದ್ದರು. ಆಮೇಲೆ ಪೊಲೀಸ್ ಅಧಿಕಾರಿಗಳನ್ನು ಅಮಾನತು ಮಾಡಿದ್ದು, ಒಬ್ಬ ಅಧಿಕಾರಿಯ ಅರ್ಜಿಯ ಮೇಲೆ ಕೇಂದ್ರ ಆಡಳಿತ ನ್ಯಾಯಮಂಡಳಿಯು ಪೊಲೀಸರೂ ಮನುಷ್ಯರೇ, ಅವರ ಹತ್ತಿರ ಅಲ್ಲಾವುದ್ದೀನನ ದೀಪ ಇಲ್ಲ ಎಂಬ ಅರ್ಥದ ಮಾತು ಹೇಳಿದ್ದು ನಿಮಗೆಲ್ಲ ಗೊತ್ತಿದೆ. ಆ ಮಾತು ನಿಜ. ಒಂದು ರಾತ್ರಿಯಲ್ಲಿ ಯಾರಿಂದಲೂ ತಯಾರಿ ಆಗುವುದಿಲ್ಲ. ಆದರೆ ನಮ್ಮ ಹಾಸನಾಂಬೆ, ನಮ್ಮ ತೇರು, ನಮ್ಮ ಗಣಪತಿ ಇವು ರಾತ್ರೋರಾತ್ರಿ ಬರುವುದಿಲ್ಲ ಸ್ವಾಮಿ. ಪಂಚಾಂಗದಲ್ಲಿ ಒಂದು ವರ್ಷ ಮೊದಲೇ ಅಚ್ಚಾಗಿರುತ್ತವೆ.

ಅದೇ ವರ್ಷ ಆಗಸ್ಟ್‌ನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣದ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. 7,000ಕ್ಕಿಂತ ಕಡಿಮೆ ಜನ ಸೇರುವುದಾದರೆ ಠಾಣೆ ಮಟ್ಟದಲ್ಲಿ, 50,000 ಮೀರಿದರೆ ಎಸ್‌ಪಿ ಅಥವಾ ಕಮಿಷನರ್ ಮಟ್ಟದಲ್ಲಿ ಅನುಮತಿ ಅಂತ ಅದರಲ್ಲಿತ್ತು. ಸರಿ. ಅನುಮತಿ ಯಾರು ಕೊಡಬೇಕು, ತಪ್ಪಾದರೆ ಯಾರು ಜೈಲಿಗೆ ಹೋಗಬೇಕು ಎಂಬುದು ಕಾನೂನು ನೋಡಿಕೊಳ್ಳುತ್ತದೆ. ಗಳ ಎಲ್ಲಿ ಕಟ್ಟಬೇಕು, ಎಲ್ಲಿ ಕಟ್ಟಬಾರದು ಎಂಬುದನ್ನು ಯಾವ ಕಾನೂನೂ ಹೇಳುವುದಿಲ್ಲ. ಅದನ್ನು ನೀವು ಜಾಗಕ್ಕೆ ಬಂದು ನೋಡಿಯೇ ಹೇಳಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜನ ಸೇರುವ ಕಡೆ ಹೇಗೆ ನಿಭಾಯಿಸಬೇಕು ಅಂತ 2014ರಲ್ಲೇ ಒಂದು ಕೈಪಿಡಿ ಮಾಡಿದೆ. ನಿಮ್ಮ ಕಚೇರಿಯ ಬೀರುವಿನಲ್ಲಿ ಅದು ಇರಬಹುದು. ದಯವಿಟ್ಟು ಈಚೆ ತೆಗೆಯಿರಿ.

ಮೊಸಳೆಹೊಸಹಳ್ಳಿಯ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. 2025ರ ಸೆಪ್ಟೆಂಬರ್ 12ರ ರಾತ್ರಿ, ಗಣಪತಿ ವಿಸರ್ಜನೆಯ ಮೆರವಣಿಗೆಗೆ ಲಾರಿ ನುಗ್ಗಿ 10 ಜನ ಹೋದರು. ಹೆಚ್ಚಿನವರು ಓದುವ ವಯಸ್ಸಿನ ಹುಡುಗರು. ಯಾರ ತಪ್ಪು ಎಂಬುದನ್ನು ಕೋರ್ಟು ನೋಡಲಿ. ನಾನು ಹೇಳುವುದು ಮುಂದಿನದು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಊರುಗಳ ಪೇಟೆ ಬೀದಿಯೇ ಹೆದ್ದಾರಿ. ಮೆರವಣಿಗೆ ಅಲ್ಲಿ ಬಿಟ್ಟು ಬೇರೆ ಎಲ್ಲಿ ಹೋಗಬೇಕು? ಡಿವೈಡರ್ ಇದೆ, ಆ ಕಡೆ ಲಾರಿ ಈ ಕಡೆ ಮೆರವಣಿಗೆ ಅಂದುಕೊಂಡರೆ ಸಾಲದು ಅಂತ ಆ ರಾತ್ರಿ ಗೊತ್ತಾಗಿದೆ. ಲಾರಿ ಡಿವೈಡರ್ ದಾಟಿ ಬಂದಿತ್ತು.

ಇಂಥ ಕಡೆ ದೇವರು ಹೊರಡುವ ಹೊತ್ತಿಗೆ ಭಾರಿ ವಾಹನಗಳನ್ನು ಊರಿಗೆ ಎರಡು ಮೂರು ಕಿಲೋಮೀಟರ್ ಹಿಂದೆಯೇ ನಿಲ್ಲಿಸಬೇಕು. ದಾರಿ ಬದಲಿಸಲು ಆದರೆ ಬದಲಿಸಿ. ಆಗದಿದ್ದರೆ ಎರಡು ಗಂಟೆ ನಿಲ್ಲಲಿ, ಏನೂ ಮುಳುಗಿಹೋಗುವುದಿಲ್ಲ. ಮೆರವಣಿಗೆಯ ಹಿಂದೆ ಮುಂದೆ ಮಣ್ಣು ತುಂಬಿದ ಟ್ರಾಕ್ಟರ್ ಟ್ರಾಲಿ ಅಡ್ಡ ನಿಲ್ಲಿಸಲಿ. ಪ್ಲಾಸ್ಟಿಕ್ ಕೋನ್ ಇಟ್ಟರೆ ಲಾರಿ ನಿಲ್ಲುವುದಿಲ್ಲ, ನಮ್ಮ ಗಳಕ್ಕೂ ನಿಲ್ಲುವುದಿಲ್ಲ. ಟ್ರಾಕ್ಟರ್ ಇಲ್ಲದ ಊರು ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ? ಗಣಪತಿ ಕೂರಿಸುವ ಹುಡುಗರಿಗೆ ಅನುಮತಿ ಕೊಡುವಾಗ ಡಿಜೆ ಸದ್ದಿನ ಬಗ್ಗೆ ಮುಚ್ಚಳಿಕೆ ಬರೆಸಿಕೊಳ್ಳುತ್ತೀರಿ. ಅದರ ಜೊತೆಗೆ ಟ್ರಾಕ್ಟರ್ ಯಾರದು, ಎಲ್ಲಿ ನಿಲ್ಲಿಸುತ್ತೀರಿ ಅಂತ ಒಂದು ಸಾಲು ಬರೆಸಿಕೊಳ್ಳಿ. ಆ ಹುಡುಗರು ಖಂಡಿತಾ ಮಾಡುತ್ತಾರೆ. ಡಿಜೆ ವಿಷಯದಲ್ಲಿ ಮಾತು ಕೇಳುವುದಿಲ್ಲ, ಇದನ್ನು ಕೇಳುತ್ತಾರೆ.

ಚಿಕ್ಕಮಗಳೂರಿನವರಿಗೂ ಸ್ವಲ್ಪ ಹೇಳಬೇಕು. ದತ್ತ ಜಯಂತಿಗೆ ನೀವು ಮಾಡುವ ತಯಾರಿ ನೋಡಿದರೆ ಭೇಷ್ ಅನ್ನಬೇಕು. ಬಹಳ ಮೊದಲೇ ಸಭೆಗಳು, ಚೆಕ್‌ಪೋಸ್ಟ್‌ಗಳು, ಹೊರ ಜಿಲ್ಲೆಯಿಂದ ಪೊಲೀಸರು, ಕ್ಯಾಮೆರಾ, ಬೆಟ್ಟಕ್ಕೆ ಪ್ರವಾಸಿಗರು ಯಾವ ದಿನ ಬರಬಾರದು ಎಂಬ ಆದೇಶ. ಯಾಕೆ ಅಷ್ಟು ತಯಾರಿ ಅಂದರೆ ಗಲಾಟೆಯ ಭಯ. ಅದೇ ಸಾಲಿನ ಬೆಟ್ಟದಲ್ಲಿ, ಮಲ್ಲೇನಹಳ್ಳಿ ಹತ್ತಿರದ ದೇವೀರಮ್ಮನಿಗೆ ದೀಪಾವಳಿಯಲ್ಲಿ ಸಾವಿರಾರು ಜನ ಬರಿಗಾಲಲ್ಲಿ, ರಾತ್ರಿಯೆಲ್ಲ ಹತ್ತುತ್ತಾರೆ. ಬೆಟ್ಟ ಹತ್ತಲು ವರ್ಷಕ್ಕೊಮ್ಮೆ ಮಾತ್ರ ಅವಕಾಶ. ಅಲ್ಲಿ ಗಲಾಟೆ ಮಾಡುವವರು ಯಾರೂ ಇಲ್ಲ. ಇರುವುದು ಕಡಿದಾದ ಕಾಲುದಾರಿ, ಕತ್ತಲು, ಮಂಜು, ಕೆಸರು. 2024ರಲ್ಲಿ ಮಳೆ ಬಿದ್ದು ಜನ ಜಾರಿ, ಹಲವರು ಪೆಟ್ಟು ಮಾಡಿಕೊಂಡರು.

ಗಲಾಟೆಯ ಭಯಕ್ಕೆ ಮಾಡುವ ತಯಾರಿಯಷ್ಟೇ ತಯಾರಿ ಈ ಕಾಲುದಾರಿಗೂ ಬೇಕು. 2022ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೇವಾನ್ ಅನ್ನುವ ಕಡೆ, ಇಳಿಜಾರಿನ ಒಂದು ಸಣ್ಣ ಓಣಿಯಲ್ಲಿ 159 ಜನ ಹೋದರು. ಏರುವವರು ಇಳಿಯುವವರು ಅಲ್ಲಿ ಎದುರುಬದುರಾಗಿ ಸಿಕ್ಕಿಕೊಂಡಿದ್ದರು. ಜೀವ ಹೋಗುತ್ತದೆ, ಬನ್ನಿ ಅಂತ ಸಂಜೆ ಆರೂವರೆಯಿಂದಲೇ ಜನ ಪೊಲೀಸರಿಗೆ ಫೋನ್ ಮಾಡಿದ್ದರು. ಅವತ್ತು ಊರಿನ ಪೊಲೀಸ್ ಬಲದ ದೊಡ್ಡ ಭಾಗ ಬೇರೆ ಕಡೆ ಪ್ರತಿಭಟನೆಗಳ ಬಂದೋಬಸ್ತಿನಲ್ಲಿತ್ತು. ದೇವೀರಮ್ಮನ ಬೆಟ್ಟದಲ್ಲಿ ಹತ್ತುವವರಿಗೂ ಇಳಿಯುವವರಿಗೂ ಬೇರೆ ಬೇರೆ ದಾರಿ ಎಲ್ಲೆಲ್ಲಿ ಮಾಡಬಹುದು, ಎಲ್ಲಿ ಆಗುವುದೇ ಇಲ್ಲ, ಆಗದ ಕಡೆ ಹೊತ್ತು ಹಂಚಿ ಬಿಡಬಹುದಾ ಅಂತ ಹಬ್ಬಕ್ಕೆ ಮೊದಲೇ ಮಲ್ಲೇನಹಳ್ಳಿಯ ನಾಲ್ಕು ಜನರನ್ನು ಕರೆದುಕೊಂಡು ಒಮ್ಮೆ ಹತ್ತಿ ನೋಡಿ. ಆ ಬೆಟ್ಟದಲ್ಲಿ ಯಾವ ಕಲ್ಲು ಅಲುಗಾಡುತ್ತದೆ ಅಂತ ಅವರಿಗೆ ಗೊತ್ತು.

ನಮ್ಮ ಬೇಡಿಕೆ ಬಹಳ ದೊಡ್ಡದಲ್ಲ. ಬಂದೋಬಸ್ತ್ ಮೀಟಿಂಗನ್ನು ಒಂದು ವಾರ ಮೊದಲೇ, ಏಸಿ ಹಾಲ್‌ನಲ್ಲಿ ಅಲ್ಲ, ಜಾಗದಲ್ಲೇ ಮಾಡಿ. ಶಾಮಿಯಾನದವನು, ಲೈಟಿನವನು, ಮೈಕಿನವನು, ದೇವಸ್ಥಾನದ ಪಾರುಪತ್ತೇದಾರ್ ಅಥವಾ ಸಮಿತಿಯವರು, 108ರ ಡ್ರೈವರ್, ಫೈರ್ ಸ್ಟೇಷನ್‌ನವರು, ಇವರನ್ನೆಲ್ಲ ಕರೆಯಿರಿ. ಟೇಪು ಹಿಡಿದು ಒಂದು ಸುತ್ತು ನಡೆಯೋಣ. ಆಂಬುಲೆನ್ಸ್ ಎಲ್ಲಿಂದ ಒಳಗೆ ಬರುತ್ತದೆ ಅಂತ ಆ ಡ್ರೈವರೇ ಗಾಡಿ ಓಡಿಸಿ ತೋರಿಸಲಿ. ಇಂಗ್ಲೆಂಡಿನ ಕ್ರೀಡಾಂಗಣಗಳ ಕೈಪಿಡಿಯಲ್ಲಿ ಒಂದು ಮೀಟರ್ ಅಗಲದ ಸಮ ದಾರಿಯಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 82 ಜನ, ಮೆಟ್ಟಿಲಾದರೆ 66 ಜನ ಅಂತ ಲೆಕ್ಕ ಇದೆ. ನಮ್ಮಲ್ಲಿ ಮಕ್ಕಳು, ಅಜ್ಜಿಯರು, ತಂಬಿಗೆ, ತಟ್ಟೆ ಎಲ್ಲ ಇರುತ್ತವೆ, ಇನ್ನೂ ಕಡಿಮೆಯೇ ಇಟ್ಟುಕೊಳ್ಳಿ. ಆ ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ನಕ್ಷೆ ಬರೆದು, ನಮಗೊಂದು, ಪ್ರತಿ ಸೆಕ್ಟರಿನ ಎಸ್‌ಐಗೆ ಒಂದು ಕೊಡಿ. ಹಿಂದಿನ ದಿನ ಯಾರೋ ಬಂದು ಇನ್ನೊಂದು ಓಣಿಗೆ ಅಡ್ಡ ಕಟ್ಟು ಅಂದರೆ ನಾನು ಆ ಹಾಳೆ ತೋರಿಸಬೇಕು. ಈಗ ತೋರಿಸಲು ನನ್ನ ಹತ್ತಿರ ಏನೂ ಇಲ್ಲ, ಬರೀ ಬಾಯಿ ಇದೆ.

ಸಾಲಿನ ಉದ್ದಕ್ಕೂ ಅಲ್ಲಲ್ಲಿ ತೆರೆಯುವ ಜಾಗ ಬಿಡಿಸಿ. ಅಲ್ಲಿ ನಾವು ಹುರಿ ಬಿಗಿಯುವುದಿಲ್ಲ. ನೈಲಾನ್ ಹಗ್ಗದಲ್ಲಿ ಒಂದು ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತೇವೆ, ಆ ಗಳಕ್ಕೆ ಕೆಂಪು ಬಟ್ಟೆ ಸುತ್ತುತ್ತೇವೆ, ನಂಬರ್ ಬರೆಯುತ್ತೇವೆ. ಕಬ್ಬಿಣದ್ದಾದರೆ ಕೊಕ್ಕೆ ಇರಲಿ, ಬೀಗ ಬೇಡ. ಆದರೆ ಅಲ್ಲಿ ಒಬ್ಬ ಮನುಷ್ಯ ನಿಂತಿರಬೇಕು, ಯಾವಾಗ ತೆರೆಯಬೇಕು ಅಂತ ಅವನಿಗೆ ತಿಳಿದಿರಬೇಕು. 2025ರ ಜನವರಿಯಲ್ಲಿ ತಿರುಪತಿಯಲ್ಲಿ ಟೋಕನ್‌ಗೆ ಕಾಯುತ್ತಿದ್ದವರಲ್ಲಿ ಒಬ್ಬರಿಗೆ ಹುಷಾರು ತಪ್ಪಿತು ಅಂತ ಗೇಟು ತೆಗೆದರೆ, ಟೋಕನ್ ಕೊಡಲು ಶುರು ಮಾಡಿದರು ಅಂದುಕೊಂಡು ಜನ ನುಗ್ಗಿ 6 ಜನ ಹೋದರು ಅಂತ ಸುದ್ದಿಯಾಗಿತ್ತು. ಗೇಟು ತೆಗೆಯುವಾಗ ಯಾಕೆ ತೆಗೆಯುತ್ತಿದ್ದೇವೆ ಅಂತ ಮೈಕಿನಲ್ಲಿ ಹೇಳಬೇಕು. ಮೈಕು ಕಳೆದುಹೋದ ಮಕ್ಕಳ ಹೆಸರು ಕೂಗಲು, ದಾನಿಗಳ ಹೆಸರು ಓದಲು ಮಾತ್ರ ಇರುವುದಲ್ಲ. ಮುಂದೆ ನಿಂತಿದೆ, ತಳ್ಳಬೇಡಿ, ಇಂಥ ಕಾರಣ, ಇಷ್ಟು ಹೊತ್ತು ಆಗುತ್ತದೆ ಅಂತ ಸುಮ್ನೆ ನಿಜ ಹೇಳಿದರೆ ನಮ್ಮ ಜನ ಕಾಯುತ್ತಾರೆ. ಅವರು ನುಗ್ಗುವುದು ಏನೂ ತಿಳಿಯದೆ ನಿಂತಾಗ. ಮೈಕಿನ ಕಂಟ್ರೋಲ್ ನಿಮ್ಮ ಒಬ್ಬ ಅಧಿಕಾರಿಯ ಕೈಯಲ್ಲಿರಲಿ, ಕರೆಂಟ್ ಹೋದರೂ ಓಡುವ ಬ್ಯಾಟರಿ ಇರಲಿ.

ಹೊರಗಿನಿಂದ ಬಂದ ಪ್ರತಿ ತಂಡಕ್ಕೂ ಊರಿನ ಒಬ್ಬ ಹುಡುಗನನ್ನು ಜೊತೆ ಮಾಡಿ. ಶೌಚಾಲಯ ಎಲ್ಲಿದೆ ಅಂತ ಒಬ್ಬ ಅಜ್ಜಿ ಕೇಳಿದರೆ, ಪಾಪ, ವಿಜಯಪುರದಿಂದ ಬಂದ ಪೇದೆ ಏನು ಹೇಳಬೇಕು?

ಹಾಗೆಯೇ ನಿಮ್ಮ ಸಿಬ್ಬಂದಿಯ ಬಗ್ಗೆಯೂ ನೋಡಿ. ಬೆಳಗಿನ ಜಾವ ನಾಲ್ಕಕ್ಕೆ ಡ್ಯೂಟಿಗೆ ನಿಂತ ಹೆಣ್ಣುಮಗಳು ರಾತ್ರಿ ಹತ್ತಾದರೂ ಅದೇ ಜಾಗದಲ್ಲಿ ನಿಂತದ್ದು ನೋಡಿದ್ದೇನೆ. ನೀರು ಕುಡಿಯುತ್ತಿರಲಿಲ್ಲ. ಯಾಕಮ್ಮಾ ಅಂದರೆ, ‘ಕುಡಿದರೆ ಹೋಗೋದು ಎಲ್ಲಿಗೆ ಅಣ್ಣಾ’ ಅಂದರು. ನಮ್ಮ ಹುಡುಗರು ಅವರಿಗೆ ಅಂತಲೇ ಪಕ್ಕದ ಮನೆಯವರನ್ನು ಕೇಳಿ ಬಂದರು. ಹದಿನೆಂಟು ಗಂಟೆ ನಿಂತವರಿಗೆ ಜನದ ಮುಖ ಕಾಣುವುದಿಲ್ಲ. ಯಾರಿಗೆ ಉಸಿರು ಕಟ್ಟುತ್ತಿದೆ ಅಂತ ಅವರು ಗುರುತಿಸಬೇಕು ಅಂದರೆ ಅವರಿಗೆ ಪಾಳಿ ಇರಬೇಕು, ಊಟ ಇರಬೇಕು, ಕೂರಲು ಒಂದು ಸ್ಟೂಲ್ ಇರಬೇಕು. ಸ್ಟೂಲ್ ಬೇಕಾದರೆ ನಾನು ಕೊಡುತ್ತೇನೆ, ಬಾಡಿಗೆ ಬೇಡ.

ಕೊನೆಗೆ, ಹಬ್ಬ ಮುಗಿದ ಮೇಲೆ ಇನ್ನೊಂದು ಸಲ ಕೂರಿ. ಸನ್ಮಾನ, ಶಾಲು, ಹಾರ ಆಗಲಿ, ಬೇಡ ಅನ್ನುವುದಿಲ್ಲ. ಅದಾದ ಮೇಲೆ ಅರ್ಧ ಗಂಟೆ. ಎಲ್ಲಿ ಗಳ ಮುರಿಯಿತು, ಯಾವ ತಿರುವಿನಲ್ಲಿ ಜನ ಕೂಗಿಕೊಂಡರು, ಎಷ್ಟು ಹೊತ್ತಿಗೆ, ಆಗ ಏನು ಮಾಡಿದಿರಿ ಅಂತ ಬರೆದಿಡಿ. ಸಾವು ಆಗದ ಘಟನೆ ಎಲ್ಲೂ ದಾಖಲಾಗುವುದಿಲ್ಲ. ಅಷ್ಟರಲ್ಲಿ ಅಧಿಕಾರಿಗೆ ವರ್ಗ ಆಗಿರುತ್ತದೆ. ಮುಂದಿನ ವರ್ಷ ಬಂದವರು ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಅದೇ ತಿರುವಿನಲ್ಲಿ ಅದೇ ಗಳ ಕಟ್ಟಿಸುತ್ತಾರೆ. ನಾವು ವರ್ಗ ಆಗುವುದಿಲ್ಲ, ನಮ್ಮನ್ನು ಕೇಳಬಹುದು.

ಗಣಪತಿ ಮೆರವಣಿಗೆಗಳ ಅರ್ಜಿ ನಿಮ್ಮ ಮೇಜಿಗೆ ಬರುವ ಮೊದಲು ಇದಕ್ಕೆ ಒಂದು ಉತ್ತರ ಸಿಕ್ಕರೆ ಚೆನ್ನಾಗಿತ್ತು. ಕಾಗದದ ಉತ್ತರವೇ ಬೇಕೆಂದಿಲ್ಲ. ಇಂಥ ದಿನ, ಇಂಥ ಬೀದಿಗೆ, ಇಷ್ಟು ಹೊತ್ತಿಗೆ ಬಾ ಅಂತ ಒಂದು ಫೋನ್ ಬಂದರೂ ಸಾಕು. ಲೈಟಿನವನನ್ನೂ ಮೈಕಿನವನನ್ನೂ ನಾನೇ ಕರೆದುಕೊಂಡು ಬರುತ್ತೇನೆ. ಟೇಪು ನನ್ನ ಹತ್ತಿರ ಇದೆ.

ಇಂತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಶಾಮಿಯಾನದವನು